ಕಾಣದ ತುಂಡು

ನೂಡಲ್ಸ್ ನಮ್ಮ ಮನೆಯೊಳಗೆ ಬಂದದ್ದು ಮಗಳ ಜಿಮ್ಮಿನ ಚೀಲದಲ್ಲಿ. ಅದು ಅಡುಗೆಮನೆಯಲ್ಲಿ ಬೇರು ಬಿಟ್ಟದ್ದು ಮಾತ್ರ ನಮ್ಮ ಅತ್ತೆಯ ದೆಸೆಯಿಂದ. ಎಂಬತ್ತರ ಹತ್ತಿರ ಬಂದಿರುವ, ಮುದ್ದೆ ಇಲ್ಲದ ಊಟವನ್ನು ಊಟ ಎಂದೇ ಲೆಕ್ಕಕ್ಕೆ ಹಿಡಿಯದ ಅತ್ತೆ ಇದಕ್ಕೆ ಕಾರಣ ಎಂದರೆ ನೆಂಟರಿಷ್ಟರು ಈಗಲೂ ನಗುತ್ತಾರೆ. ನಗಲಿ. ಆ ನೂಡಲ್ಸ್ ಇಲ್ಲದಿದ್ದರೆ ಅತ್ತೆಯ ಗತಿ ಏನಾಗುತ್ತಿತ್ತೋ ಎಂದು ನೆನೆಸಿಕೊಂಡರೆ ನನಗಂತೂ ನಗು ಬರುವುದಿಲ್ಲ.

ಮಾವಳ್ಳಿಯಲ್ಲಿ, ಲಾಲ್‌ಬಾಗಿನ ಗೋಡೆಗೆ ಕೂಗಳತೆಯ ದೂರದಲ್ಲಿ ನಮ್ಮ ಮನೆ. ಅತ್ತೆ ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಆಗ ಈ ಮನೆಯಲ್ಲಿ ಮೈದುನರು, ನಾದಿನಿಯರು, ಊರಿಂದ ಓದಲು ಬಂದ ಹುಡುಗರು ಎಂದು ಜನ ಗಿಜಿಗುಟ್ಟುತ್ತಿದ್ದರಂತೆ. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಈಗ ಇರುವುದು ಅತ್ತೆ, ನಮ್ಮ ಯಜಮಾನರು, ನಾನು, ಮಗಳು. ಯಜಮಾನರದ್ದು ಸರ್ಕಾರಿ ನೌಕರಿ. ನಾನು ಬಸವನಗುಡಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮಗಳು ಶೇಷಾದ್ರಿಪುರದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಕಲಿಯುತ್ತಾಳೆ, ಸಂಜೆ ಜಿಮ್ಮಿಗೆ ಹೋಗಿ ಅಷ್ಟೇ ಶ್ರದ್ಧೆಯಿಂದ ಭಾರ ಎತ್ತುತ್ತಾಳೆ.

ಸೋಮವಾರ ಶಿವನ ದಿನ, ಶನಿವಾರ ತಿಮ್ಮಪ್ಪನ ದಿನ. ಆ ಎರಡು ದಿನ ಬಿಟ್ಟರೆ ನಮ್ಮದು ಬಾಡೂಟದ ಮನೆ. ಭಾನುವಾರ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬರುವಾಗ ಯಜಮಾನರು ಕೋಳಿ ತರಬೇಕು, ನಾನು ಕಾಯಿ ಮಸಾಲೆ ರುಬ್ಬಿ ಸಾರು ಮಾಡಬೇಕು, ಅತ್ತೆ ಬಡಿಸಬೇಕು. ಬಡಿಸುವ ಸೌಟು ಬೇರೆಯವರ ಕೈಗೆ ಹೋದದ್ದೇ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಾನು ಸೊಸೆಯಾಗಿ ಬಂದು ಮೂವತ್ತು ವರ್ಷವಾಗುತ್ತ ಬಂತು, ನನ್ನ ಕಾಲಕ್ಕಿಂತ ಮೊದಲು ನನ್ನ ಸೊಂಟನೋವು ಬಂತು.

ಬಡಿಸುವುದೆಂದರೆ ಸುಮ್ಮನೆ ಅಲ್ಲ. ನಮ್ಮಲ್ಲಿ ಮರ್ಯಾದೆ ಇರುವುದು ತುಂಡಿನಲ್ಲಿ. ನೆಂಟರು ಬಂದರೆ ಅವರ ತಟ್ಟೆಗೆ ದೊಡ್ಡ ತುಂಡು ಬೀಳಬೇಕು. ಅಳಿಯ ಬಂದರೆ ಕೋಳಿಯ ಕಾಲು ಅವನಿಗೇ. ಈಲಿ, ಕಂದನಕಾಯಿಯಂಥ ಕೋಳಿಯ ಒಳಭಾಗಗಳು ಮಕ್ಕಳಿಗೆ. ತುಂಡನ್ನು ಚೂರು ಮಾಡಿ ಬಡಿಸಿದರೆ, 'ಆ ಮನೇಲಿ ಕೋಳಿ ತೋರಿಸಿ ಸಾರು ಹಾಕಿದ್ರು' ಎಂದು ನೆಂಟರು ಬಸ್‌ಸ್ಟಾಪ್ ತಲುಪುವ ಮೊದಲೇ ಆಡಿಕೊಳ್ಳುತ್ತಾರೆ. ಅತ್ತೆಯ ಕೈಸೌಟಿಗೆ ಕಣ್ಣಿತ್ತು. ಪಾತ್ರೆಯ ಎಷ್ಟೇ ಆಳದಲ್ಲಿದ್ದರೂ ಯಾರಿಗೆ ಯಾವ ತುಂಡು ಸೇರಬೇಕೋ ಅದನ್ನೇ ಎತ್ತಿ ತರುತ್ತಿತ್ತು. ಎಲ್ಲರ ಊಟವಾದ ಮೇಲೆ ಅತ್ತೆ ತಾವು ಕೂತು ಮುದ್ದೆಗೆ ಸಾರು ಬಿಟ್ಟುಕೊಳ್ಳುತ್ತಿದ್ದರು. ನಾನು ತುಂಡು ಹಾಕಲು ಹೋದರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು.

"ಬ್ಯಾಡ ಕಣವ್ವ, ನಂಗೆ ಸಾರಲ್ಲೇ ರುಚಿ. ತುಂಡು ಹಲ್ಲಿಗೆ ಸಿಕ್ಕಾಕ್ಕೊಳ್ತದೆ."

ಇಷ್ಟು ವರ್ಷ ನಾವು ಅದನ್ನೇ ನಂಬಿದ್ದೆವು. ಅತ್ತೆಗೆ ತುಂಡು ಸೇರುವುದಿಲ್ಲ ಎಂಬುದು, ಯಜಮಾನರಿಗೆ ಹಾಗಲಕಾಯಿ ಸೇರುವುದಿಲ್ಲ ಎಂಬಷ್ಟೇ ಖಾತ್ರಿಯಾದ ಸಂಗತಿಯಾಗಿತ್ತು.

ದೀಪಾವಳಿ ಕಳೆದ ಮೇಲೆ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದು ಓಮದ ನೀರು ಕೊಟ್ಟೆವು. ನೋವು ಬೆನ್ನಿಗೂ ಹತ್ತಿ, ಚಳಿಜ್ವರ ಬಂದು, ಆಸ್ಪತ್ರೆಗೆ ಸೇರಿಸಿದಾಗ ಪಿತ್ತಕೋಶದಲ್ಲಿ ಕಲ್ಲು ತುಂಬಿದೆ ಎಂದರು. ಜ್ವರ ಇಳಿಸಿ ಮನೆಗೆ ಕಳಿಸುವ ಹೊತ್ತಿಗೆ ಅತ್ತೆ ಅರ್ಧಕ್ಕರ್ಧ ಆಗಿಬಿಟ್ಟಿದ್ದರು. ಕೈಯಲ್ಲಿದ್ದ ಚಿನ್ನದ ಬಳೆ, ತೋಳೆತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು. ಹಾಸಿಗೆಯಿಂದ ಏಳಲು ನನ್ನ ಕೈ ಬೇಕು, ಬಚ್ಚಲಿಗೆ ಹೋಗಲು ಗೋಡೆ ಬೇಕು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವವರು ಅತ್ತೆ. ಆ ಕೆಲಸವೂ ಈಗ ನನ್ನ ಪಾಲಿಗೆ ಬಂತು.

ಡಾಕ್ಟರು ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಮಾತು ಮೃದು, ವಿಷಯ ಖಡಕ್.

"ಆಪರೇಷನ್ ಮಾಡಲೇಬೇಕು ಆಂಟಿ. ಆದ್ರೆ ಈ ಸ್ಥಿತೀಲಿ ಅಜ್ಜಿ ತಡ್ಕೊಳ್ಳಲ್ಲ. ಮೊದಲು ಮೈಗೆ ಬಲ ಬರ್ಲಿ. ಎಣ್ಣೆ, ಕಾಯಿ, ತುಪ್ಪ ತುಂಬಾ ಕಮ್ಮಿ ಮಾಡಿ. ಪ್ರೋಟೀನ್ ಜಾಸ್ತಿ ಕೊಡಿ. ನೀವು ನಾನ್‌ವೆಜ್ ತಿನ್ನೋರಲ್ವಾ, ಕೋಳಿ ಕೊಡಿ, ಮೊಟ್ಟೆ ಕೊಡಿ. ಮತ್ತೆ ಜ್ವರ ಬರೋ ಮುಂಚೆ ನಾವು ಮುಗಿಸಿಬಿಡ್ಬೇಕು."

ಮತ್ತೆ ಬಂದರೆ? ಆಟೋದಲ್ಲಿ ಬರುವಾಗ ಯಜಮಾನರು ಅಮ್ಮನ ಕೈ ಹಿಡಿದುಕೊಂಡು ಹೊರಗೆ ನೋಡುತ್ತಿದ್ದರು. ಅತ್ತೆ ಮಾತ್ರ ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕನ್ನು ಬೈಯುತ್ತ ಕೂತಿದ್ದರು.

ನನ್ನದು ಮೂಗಿನ ತುದಿಯಲ್ಲೇ ಕೋಪ. ಆದರೆ ಕೆಲಸ ಎಂದರೆ ಹಿಂದೆ ಸರಿಯುವವಳಲ್ಲ. ಅಂದಿನಿಂದಲೇ ಶುರುಮಾಡಿದೆ. ಬೆಳಿಗ್ಗೆ ಬೇಯಿಸಿದ ಮೊಟ್ಟೆ. ಅದು ನನ್ನ ಊಟದ ಡಬ್ಬಿಯಲ್ಲಿ ಅನ್ನದ ಕೆಳಗೆ ಹೂತುಕೊಂಡು ಶಾಲೆಗೆ ಬಂತು. ಪ್ರೋಟೀನ್ ಪುಡಿ ತಂದು ಹಾಲಿಗೆ ಬೆರೆಸಿಕೊಟ್ಟೆ. ಸುಣ್ಣದ ನೀರಿನ ಹಾಗಿದೆ ಎಂದು ಮೊಮ್ಮಗಳಿಗೆ ಕುಡಿಸಿದರು. ಅವಳಿಗೆ ಅದು ಹಬ್ಬ. ಕಾಳು ಬೇಯಿಸಿದರೆ ಹೊಟ್ಟೆ ಉಬ್ಬರ. ಉಳಿದದ್ದು ಕೋಳಿಯೊಂದೇ.

ಕಾಯಿ ಹಾಕದೆ, ಒಗ್ಗರಣೆಗೆ ಎಣ್ಣೆ ತೋರಿಸಿ, ಮೆಣಸು ಶುಂಠಿ ಜಜ್ಜಿ ಹಾಕಿ ತಿಳಿಸಾರು ಮಾಡಿದೆ. ಅದಕ್ಕೆ ಅಂಗಡಿಯವನ ಹತ್ತಿರ ಹೇಳಿ ಒಳ್ಳೊಳ್ಳೆಯ ದೊಡ್ಡ ತುಂಡುಗಳನ್ನೇ ಹಾಕಿಸಿಕೊಂಡು ಬಂದೆ. ಇಡೀ ಜೀವಮಾನ ಬೇರೆಯವರಿಗೆ ಕಾಲು ಬಡಿಸಿದವರಿಗೆ ಈಗಲಾದರೂ ಕಾಲು ಸಿಗಲಿ, ಮರ್ಯಾದೆಯಾಗಿ ಸಿಗಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಸೌಟು ಈ ಸಲ ನನ್ನ ಕೈಯಲ್ಲೇ. ಅತ್ತೆಯನ್ನು ಮಗನ ಪಕ್ಕದಲ್ಲಿ, ಮೇಜಿನ ಎದುರು ಕೂರಿಸಿ, ಅಂಗೈ ಅಡ್ಡ ಬರುವ ಮೊದಲೇ ತಟ್ಟೆಗೆ ಕಾಲು ಹಾಕಿಬಿಡುತ್ತಿದ್ದೆ. ಆಮೇಲೆ ಮುದ್ದೆ ತಿರುವಲೋ, ನೀರು ತರಲೋ ಒಳಗೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ತಟ್ಟೆ ಚೊಕ್ಕಟ.

"ತಿಂದ್ರಾ ಅತ್ತೆ?"

"ತಿಂದೆ ಕಣವ್ವ, ಹೊಟ್ಟೆ ತುಂಬೋಯ್ತು."

ನಾನು ಹಿಗ್ಗಿದೆ. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ತೂಕ ಇನ್ನೂ ಇಳಿದಿತ್ತು. "ದಿನಾ ಕೋಳಿ ತಿನ್ನಿಸ್ತಿದೀವಿ ಡಾಕ್ಟ್ರೇ" ಎಂದೆ. ಡಾಕ್ಟರು ರಕ್ತದ ರಿಪೋರ್ಟು ನೋಡಿದಳು, ನನ್ನ ಮುಖ ನೋಡಿದಳು. "ಆಪರೇಷನ್ ಈಗ ಬೇಡ, ಇನ್ನೂ ಸ್ವಲ್ಪ ದಿನ ನೋಡೋಣ" ಎಂದಳು. ಆ 'ನೋಡೋಣ' ನನಗೆ ಹಿಡಿಸಲಿಲ್ಲ. ಮೈಯೊಳಗೆ ಇನ್ನೇನೋ ದೊಡ್ಡ ಕಾಯಿಲೆ ಇರಬೇಕು ಎಂದು ಯಜಮಾನರು ದಾರಿಯುದ್ದಕ್ಕೂ ಹೆದರಿದರು. ನನಗೂ ಹೆದರಿಕೆಯೇ.

ಅಂದು ಸಂಜೆ ತಟ್ಟೆಗಳನ್ನು ಎತ್ತುವಾಗ ಕಣ್ಣಿಗೆ ಬಿತ್ತು. ಅತ್ತೆಯ ತಟ್ಟೆಯಲ್ಲಿ ಮೂಳೆಯೇ ಇಲ್ಲ. ಕೋಳಿ ತಿಂದ ತಟ್ಟೆಯಲ್ಲಿ ಮೂಳೆ ಇಲ್ಲವೆಂದರೆ ಹೇಗೆ? ಅತ್ತೆಯ ಹಲ್ಲಿಗೆ ಮೂಳೆ ಅಗಿಯುವ ಶಕ್ತಿ ಇಲ್ಲ. ಯಜಮಾನರ ತಟ್ಟೆಯ ಅಂಚಿನಲ್ಲಿ ಮಾತ್ರ ಮೂಳೆಯ ಗುಡ್ಡೆ. ನಾನು ಅವರಿಗೆ ಕಾಲೇ ಹಾಕಿರಲಿಲ್ಲ, ಅಲ್ಲಿ ಕಾಲಿನ ಮೂಳೆ ಕೂತಿತ್ತು.

ಮಾರನೆಯ ದಿನ ಒಳಗೆ ಹೋದ ಹಾಗೆ ಮಾಡಿ ಬಾಗಿಲ ಪಕ್ಕದಲ್ಲಿ ನಿಂತು ನೋಡಿದೆ. ಯಜಮಾನರು ಒಂದು ಕೈಯಲ್ಲಿ ಫೋನು ಹಿಡಿದು, ಅದರಲ್ಲಿ ಯಾರೋ ರಾಜಕೀಯ ಜಗಳವಾಡುವುದನ್ನು ನೋಡುತ್ತ ಉಣ್ಣುತ್ತಿದ್ದರು. ಅತ್ತೆ ಸದ್ದಿಲ್ಲದೆ ತಮ್ಮ ತಟ್ಟೆಯ ಕಾಲನ್ನು ಎತ್ತಿ ಮಗನ ತಟ್ಟೆಗಿಟ್ಟರು. ಪುಣ್ಯಾತ್ಮ ಕಣ್ಣೆತ್ತಲಿಲ್ಲ, ಕೈ ತಾನಾಗಿ ಹೋಯಿತು, ಕಾಲು ಬಾಯಿಗೆ ಹೋಯಿತು. ಇನ್ನೊಂದು ತುಂಡು ಆ ಕಡೆ ಮೊಮ್ಮಗಳಿಗೆ. ಅವಳೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತವಳು, ಪ್ರೋಟೀನ್ ಎಲ್ಲಿಂದ ಬಂದರೂ ಬೇಡ ಎನ್ನುವವಳಲ್ಲ. ಪಿತ್ತಕೋಶ ಅತ್ತೆಯದು, ಪಥ್ಯ ಅತ್ತೆಯದು, ಬಲ ಬರುತ್ತಿದ್ದದ್ದು ಇವರಿಬ್ಬರಿಗೆ.

ನನ್ನ ಪಿತ್ತ ನೆತ್ತಿಗೇರಿತು. ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದೆ. "ನಿಮ್ಮಮ್ಮನ್ ತಟ್ಟೆ ತುಂಡು ನಿಮ್ಮ ಬಾಯಿಗೆ ಬಂದಿದ್ದು ಗೊತ್ತಾಗಲ್ವಾ ನಿಮಗೆ?" ಎಂದೆ. ಯಜಮಾನರು ಬಾಯಲ್ಲಿ ಕೋಳಿ ಇಟ್ಟುಕೊಂಡೇ ತಮ್ಮ ತಟ್ಟೆಯನ್ನೂ ಅಮ್ಮನ ತಟ್ಟೆಯನ್ನೂ ನೋಡಿದರು. ಅವರ ಮುಖ ಇಷ್ಟಗಲವಾಗಿದ್ದದ್ದು ಇಷ್ಟಾಯಿತು. ಮಗಳು ಎದ್ದು ಹೋಗಿ ಅಜ್ಜಿಯ ಪಕ್ಕ ಕೂತಳು.

ಅತ್ತೆ ಮಾತ್ರ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗು ಸರಿಮಾಡಿಕೊಂಡರು. "ಬೈಬ್ಯಾಡ ಕಣವ್ವ ಅವ್ನ. ದುಡಿದು ಬಂದವ್ನೆ. ನಂಗ್ಯಾಕೆ ಈ ವಯಸ್ನಲ್ಲಿ ತುಂಡು?"

ಮರುದಿನದಿಂದ ಅತ್ತೆಗೆ ಬೇರೆಯಾಗಿ, ಎಲ್ಲರಿಗಿಂತ ಮೊದಲು ಬಡಿಸಿದೆ. ಇನ್ನೂ ಕೆಟ್ಟಿತು. ಮನೆಯವರಿಗಿಂತ ಮುಂಚೆ ತಾವು ಉಣ್ಣುವುದೆಂದರೆ ಅತ್ತೆಗೆ ಗಂಟಲಲ್ಲೇ ಇಳಿಯದು. ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು, ನಾನು ಆ ಕಡೆ ತಿರುಗಿದಾಗ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ತುಂಡುಗಳನ್ನು ಮತ್ತೆ ಪಾತ್ರೆಗೆ ಸೇರಿಸಿ ಹೋಗುತ್ತಿದ್ದರು. ಬಚ್ಚಲಿಗೆ ಹೋಗಲು ಬಾರದ ಶಕ್ತಿ ಅದಕ್ಕೆಲ್ಲಿಂದ ಬರುತ್ತಿತ್ತೋ! ದೊಡ್ಡ ತುಂಡು ಹಾಕಿದಷ್ಟೂ ಬೇಗ ವಾಪಸ್ಸು. ಒಂದು ದಿನ ಪಕ್ಕದಲ್ಲೇ ಕಾವಲು ಕೂತೆ. ಅತ್ತೆ ತುಂಡನ್ನು ಬೆರಳಲ್ಲಿ ಹಿಡಿದುಕೊಂಡರು, ಬಾಯಿಯವರೆಗೆ ತಂದರು, ಕೈ ಅಲ್ಲೇ ನಿಂತಿತು. ಕಣ್ಣಲ್ಲಿ ನೀರು.

"ನಿನ್ನ ಮಾವನ ತಂಗೀರು, ತಮ್ಮಂದ್ರು ಎಲ್ಲಾ ಸಾಲಾಗಿ ಕೂರೋರು. ಒಂದೇ ಕೋಳಿ. ಬಡಿಸ್ತಾ ಬಡಿಸ್ತಾ ಪಾತ್ರೆ ತಳ ಕಾಣೋದು. ತಿನ್ನೋ ಅಭ್ಯಾಸವೇ ತಪ್ಪೋಗೈತೆ ಕಣವ್ವ. ಹಿಡ್ಕೊಂಡ್ರೆ ಯಾರ್ದೋ ತಿಂದಂಗೆ ಆಯ್ತದೆ."

ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಎಂಬ ಗಾದೆ ಕೇಳಿ ಬೆಳೆದವಳು ನಾನು. ಬಡಿಸುವವಳೇ ಕೊನೆಯಲ್ಲಿ ಕೂತರೆ ಅವಳಿಗೆ ಯಾರು ಎಂದು ಆ ಗಾದೆ ಕಟ್ಟಿದವರು ಯೋಚಿಸಲಿಲ್ಲ. ನನಗೆ ಅಳು ಬಂತು. ಅತ್ತೆಗೆ ತುಂಡು ಸೇರುವುದಿಲ್ಲ ಎಂಬುದು ಸುಳ್ಳು, ಅದು ಅವರ ಪಾಲಿಗೆ ಬಂದೇ ಇರಲಿಲ್ಲ. ಅದನ್ನು ತಿಳಿದುಕೊಂಡು ನಾನು ಮಾಡುವುದಾದರೂ ಏನು? ಕೈಯನ್ನು ಕಟ್ಟಿಹಾಕಿ ತಿನ್ನಿಸಲಾಗುತ್ತದೆಯೇ?

ಅದೇ ಭಾನುವಾರ ಮಗಳು ಅಡುಗೆಮನೆಗೆ ನುಗ್ಗಿದಳು. ಫೋನಿನಲ್ಲಿ ನೋಡಿ ಕಲಿತದ್ದು ಮಾಡುತ್ತೇನೆ, ಎಣ್ಣೆ ಒಂದೇ ಚಮಚ, ಪ್ರೋಟೀನ್ ಮಾತ್ರ ಭರ್ತಿ ಎಂದಳು. ಕೋಳಿಯ ಎದೆಯ ಭಾಗವನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಉದ್ದುದ್ದ ಹೆಚ್ಚಿದ ಕ್ಯಾರೆಟ್ಟು, ಬೀನ್ಸು, ಕೋಸಿನ ಜೊತೆ ದೊಡ್ಡ ಉರಿಯಲ್ಲಿ ಬಾಡಿಸಿ, ನೂಡಲ್ಸ್ ಬೆರೆಸಿ, ಸೋಯಾ ಸಾಸು, ಮೆಣಸಿನ ಪುಡಿ. ಕೊನೆಗೆ ಒಂದು ಪುಟ್ಟ ಬಾಟಲಿಯಿಂದ ಎರಡು ತೊಟ್ಟು ಎಳ್ಳೆಣ್ಣೆ ಬಿಟ್ಟಳು. ವಾಸನೆ ನಡುಮನೆಗೆ ಬಂದದ್ದೇ ಅತ್ತೆ ಮೂಗರಳಿಸಿದರು.

"ಎಳ್ಳೆಣ್ಣೆ ಶನಿಮಹಾತ್ಮನ ದೀಪಕ್ಕಲ್ವೇನೆ? ಅಡುಗೆಗೆ ಹಾಕಿದ್ಯಾ?"

"ದೇವ್ರಿಗೆ ಕೊಟ್ಟಿದ್ದು ನಮಗ್ಯಾಕಾಗಲ್ಲ ಅಜ್ಜಿ? ಸ್ವಲ್ಪ ತಿಂದ್ನೋಡು."

ಮೊಮ್ಮಗಳ ಬಲವಂತಕ್ಕೆ ಅತ್ತೆ ತಟ್ಟೆ ಮುಂದಿಟ್ಟುಕೊಂಡರು. "ಒತ್ತುಶಾವಿಗೆ ಕಪ್ಪಗಾದಂಗೈತೆ" ಎಂದರು. ಆಮೇಲೆ ನಾನು ನೋಡಿದ್ದು ಅವರ ಕೈಯನ್ನು. ಆ ಕೈ ನೂಡಲ್ಸಿನೊಳಗೆ ಹೋಗಿ ಮೆಲ್ಲಗೆ ತಡಕಾಡಿತು. ತುಂಡು ಹುಡುಕುತ್ತಿದೆ! ಮಗನ ತಟ್ಟೆ ಪಕ್ಕದಲ್ಲೇ ಇತ್ತು. ಬೆರಳಿಗೆ ಸಿಕ್ಕಿದ್ದು ಎಳೆ. ಎಳೆಯ ಜೊತೆ ಕೋಸು, ಕೋಸಿನ ಜೊತೆ ಇನ್ನಷ್ಟು ಎಳೆ. ಕೋಳಿ ಯಾವುದು, ನೂಡಲ್ಸ್ ಯಾವುದು ಎಂದು ಬಿಡಿಸಿ ಕೊಡುವ ಹಾಗೇ ಇಲ್ಲ. ಸ್ವಲ್ಪ ಹೊತ್ತು ನೋಡಿ, ಸೋತು, ಅತ್ತೆ ಆ ಗಂಟನ್ನು ಹಾಗೇ ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಂದು ತುತ್ತು ತೆಗೆದುಕೊಂಡರು.

ಆ ತಟ್ಟೆ ನಿಜವಾಗಿ ಖಾಲಿಯಾಯಿತು.

ಅಲ್ಲಿಂದ ಮುಂದೆ ನಾನು ಮಗಳ ಶಿಷ್ಯೆ. ಕೋಳಿ ಅಂಗಡಿಯವನು "ಏನಕ್ಕ, ನೀವೂ ಜಿಮ್ಮಾ?" ಎಂದು ನಕ್ಕ. ಮೂಳೆ ಇಲ್ಲದ ಎದೆಯ ಮಾಂಸವನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಎಷ್ಟು ತೆಳ್ಳಗೆ ಬೇಕಾದರೂ ಹೆಚ್ಚಬಹುದು ಎಂದು ಕಲಿತೆ. ಮೊಟ್ಟೆಯ ಬಿಳಿ, ಒಂದು ಚಮಚ ಜೋಳದ ಹಿಟ್ಟು, ಸೋಯಾ ಸಾಸು ಕಲಸಿ ಬಿಟ್ಟು, ಎಣ್ಣೆಯಲ್ಲಿ ಹುರಿಯದೆ ಕುದಿಯುವ ನೀರಿಗೆ ಬಿಟ್ಟು ತೆಗೆದರೆ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ. ಅತ್ತೆ ಒಪ್ಪದ ಮೊಟ್ಟೆಯೂ ಹೀಗೆ ಹಿಂಬಾಗಿಲಿನಿಂದ ಒಳಗೆ ಹೋಯಿತು. ಇನ್ನೊಂದು ದಿನ ಮೂಳೆ ಬೇಯಿಸಿ, ಆರಿಸಿ, ಮೇಲೆ ಕಟ್ಟಿದ ಜಿಡ್ಡನ್ನೆಲ್ಲ ತೆಗೆದು, ಆ ತಿಳಿಯಲ್ಲಿ ಶುಂಠಿ, ನಿಂಬೆಹುಲ್ಲು ಕುದಿಸಿ, ಅಕ್ಕಿ ನೂಡಲ್ಸ್ ಹಾಕಿ, ಕೋಳಿಯ ಎಳೆ, ಕೊತ್ತಂಬರಿ ಸೊಪ್ಪು, ನಿಂಬೆರಸ. ಅತ್ತೆ ಗುಟುಕರಿಸಿ, "ಬಾಣಂತಿ ಸಾರಿನಂಗೈತೆ, ನೀನ್ ಬಾಣಂತಿಯಾಗಿದ್ದಾಗ ನಾನ್ ಮಾಡಿರ್ನಿಲ್ವಾ" ಎಂದರು. ಮಾಡಿದ್ದರು. ಆಗ ಕಾಲಿನ ತುಂಡನ್ನೂ ನನಗೇ ಹಾಕಿದ್ದರು. ಸೋಮವಾರ, ಶನಿವಾರ ಸೋಯಾ ಪನೀರು. ಅದು ಮಾತ್ರ ರಬ್ಬರು ಎಂದೇ ಕೊನೆಯವರೆಗೂ ಹೇಳಿದರು.

ನನ್ನ ಚಾಕುವಿಗೆ ಇದು ಸುಲಭದ ಕೆಲಸವಾಗಿರಲಿಲ್ಲ. ಕೋಳಿಯನ್ನು ಬೆಂಕಿಕಡ್ಡಿಯ ಗಾತ್ರಕ್ಕೆ ಹೆಚ್ಚುವಾಗ, ನೆಂಟರು ಕಂಡರೆ ಏನೆಂದಾರು ಎಂದು ಕೈ ಹಿಂಜರಿಯುತ್ತಿತ್ತು. ಬೀನ್ಸು, ಕ್ಯಾರೆಟ್ಟು, ಕೋಳಿ ಎಲ್ಲ ಒಂದೇ ಅಳತೆ ಇರಬೇಕು. ಒಂದು ಎಳೆ ದಪ್ಪವಾದರೂ ಅತ್ತೆಯ ಬೆರಳು ಅದನ್ನು ಹಿಡಿದು ಮಗನ ತಟ್ಟೆಗೆ ಸಾಗಿಸೀತು ಎಂಬ ಭಯ. ಎಲ್ಲರೂ ಅದನ್ನೇ ತಿನ್ನಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಯಜಮಾನರು ಮೊದಲ ದಿನ ತಟ್ಟೆ ಕೆದಕಿ, "ಇದ್ರಲ್ಲಿ ತುಂಡೇ ಇಲ್ವಲ್ಲೇ, ಕೋಳಿ ಮೇಲಿಂದ ಹಾರ್ಕೊಂಡ್ ಹೋಯ್ತಾ?" ಎಂದರು. ನಾನು ಕಣ್ಣು ಬಿಟ್ಟೆ. ಆಮೇಲೆ ಮನುಷ್ಯ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದು, ಅಮ್ಮನ ತಟ್ಟೆ ಖಾಲಿಯಾಗುವವರೆಗೂ ಏನಾದರೊಂದು ಮಾತಾಡುತ್ತ ಕೂರುವುದನ್ನು ಅಭ್ಯಾಸ ಮಾಡಿಕೊಂಡರು.

ಅತ್ತೆಗೆ ಹೇಳಿದ್ದು ಇಷ್ಟೇ: ಇದು ಶಾವಿಗೆ, ತರಕಾರಿ, ಹೊಟ್ಟೆಗೆ ಹಗುರ. ಯಜಮಾನರ ಆ ಒಂದು ಮಾತು ಬಿಟ್ಟರೆ ಕೋಳಿಯ ಸುದ್ದಿ ಯಾರೂ ಎತ್ತಲಿಲ್ಲ. ಮೆಲ್ಲಮೆಲ್ಲಗೆ ಬಳೆ ಮೊಣಕೈಗೆ ಜಾರುವುದನ್ನು ಬಿಟ್ಟು ಮುಂಗೈ ನಡುವಿನಲ್ಲಿ ನಿಲ್ಲತೊಡಗಿತು. ಒಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಬಾಗಿಲಿಗೆ ನೀರು ಬಿದ್ದಿತ್ತು. ರಂಗೋಲಿ ಸೊಟ್ಟಗಿತ್ತು. ನಾನು ಹೊಸ್ತಿಲಲ್ಲಿ ನಿಂತು ಆ ಸೊಟ್ಟ ರಂಗೋಲಿಯನ್ನು ಕಣ್ತುಂಬ ನೋಡಿದೆ, ತುಳಿಯದೆ ದಾಟಿ ಹಾಲು ತರಲು ಹೋದೆ.

ಸಂಕ್ರಾಂತಿ ಕಳೆದ ಬೆನ್ನಿಗೇ ಡಾಕ್ಟರು ರಿಪೋರ್ಟು ನೋಡಿ, "ಏನ್ ಕೊಟ್ರಿ ಆಂಟಿ?" ಎಂದಳು. ನೂಡಲ್ಸ್ ಎಂದೆ. ಆಕೆ ತಮಾಷೆ ಎಂದುಕೊಂಡಳು. ಆಪರೇಷನ್ ದಿನ ಯಜಮಾನರು ಆಸ್ಪತ್ರೆಯ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಿದ್ದೇ ನಡೆದಿದ್ದು. ನಾನು ಮನೆದೇವರಿಗೆ ಮುಡಿಪು ಕಟ್ಟಿಕೊಂಡು ಕೂತಿದ್ದೆ. ಹೊರಗೆ ಬಂದ ಅತ್ತೆ ಅಮಲಿನಲ್ಲೇ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಎಲ್ಲಾ ಉಂಡ್ರಾ?"

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮವರ ಮನೆಗಳಲ್ಲಿ ಅಂದು ಬಾಡೂಟ ಇಲ್ಲದೆ ವರ್ಷ ಶುರುವಾಗುವುದಿಲ್ಲ. ಅಷ್ಟು ಹೊತ್ತಿಗೆ ಅತ್ತೆಗೆ ಎಲ್ಲ ಪಥ್ಯವೂ ಮುಗಿದಿತ್ತು. ಕಾಯಿ ಮಸಾಲೆ, ನಾಟಿಕೋಳಿ, ಮುದ್ದೆ, ಏನು ಬೇಕಾದರೂ ಹಿತಮಿತವಾಗಿ ತಿನ್ನಬಹುದು ಎಂದಿದ್ದರು. ನಾದಿನಿಯ ಕುಟುಂಬವೂ ಬಂದಿತ್ತು. ಮನೆ ತುಂಬ ಮಸಾಲೆಯ ಘಮ. ಅತ್ತೆ ಸೀರೆ ಸೆರಗು ಸಿಕ್ಕಿಸಿ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಕೊಟ್ಟೆ. ಅದನ್ನು ಕೊಡುವುದಕ್ಕೆ ಅಷ್ಟು ಸಂತೋಷವಾಗುತ್ತದೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಎಲ್ಲರ ಊಟವಾಯಿತು. ಕೊನೆಗೆ ನಾನು, ಅತ್ತೆ. ಪಾತ್ರೆಯ ತಳದಲ್ಲಿ ಒಂದು ಕಾಲು ಉಳಿಯುವಂತೆ ನಾನು ಮೊದಲೇ ನೋಡಿಕೊಂಡಿದ್ದೆ. ಅದನ್ನು ಅತ್ತೆಯ ತಟ್ಟೆಗೆ ಹಾಕಿದೆ. ಅತ್ತೆ ಅದನ್ನು ನೋಡಿದರು. ಆ ಕಡೆ ಈ ಕಡೆ ತಿರುಗಿದರು. ಕೈತೊಳೆದು ಕೂತಿದ್ದ ಅಳಿಯನನ್ನು ಕೂಗಿ, "ಬಾಪ್ಪ, ನಿನ್ ತಟ್ಟೇಗೆ ಕಾಲೇ ಬಿದ್ದಿಲ್ಲ" ಎಂದು ಅವರ ಕೈಗಿತ್ತರು. ಅವರು ಬೇಡ ಬೇಡ ಎನ್ನುತ್ತಲೇ ತಿಂದರು.

ಇಷ್ಟೆಲ್ಲ ಮಾಡಿ ಮತ್ತೆ ಮೊದಲಿಗೇ ಬಂದೆವಲ್ಲ. ನಾನು ಮುದ್ದೆ ಮುರಿಯುತ್ತ ಕೂತೆ. ಅತ್ತೆ ನನ್ನ ಕಡೆ ಬಗ್ಗಿದರು.

"ಆ ಉದ್ದುದ್ದದ್ದು ಒಂಚೂರು ಮಾಡ್ತೀಯಾ ನಂಗೆ?"

"ನೂಡಲ್ಸಾ? ಹೊಸತೊಡಕಿನ ದಿನಾನಾ? ಕೋಳಿ ಸಾರು ಬಿಟ್ಟು?"

"ಸಾರಲ್ಲಿ ತುಂಡು ಕಣ್ಣಿಗೆ ಬೀಳ್ತದೆ ಕಣವ್ವ. ಕಣ್ಣಿಗೆ ಬಿದ್ರೆ ಕೈ ನನ್ ಮಾತು ಕೇಳಲ್ಲ. ಅದ್ರಲ್ಲಾದ್ರೆ ಕಾಣಲ್ಲ. ತಿಂದ್ಬುಡ್ತೀನಿ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ನಿಮಗೆ ಗೊತ್ತಿತ್ತಾ ಅತ್ತೆ?"

"ಇಷ್ಟು ವರ್ಷ ಬಡಿಸಿರೋಳಿಗೆ, ಬಾಡೈತೋ ಇಲ್ವೋ ಬಾಯಿಗೆ ಗೊತ್ತಾಗಲ್ವಾ?" ಅತ್ತೆ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿದರು. "ನಂಗೂ ಬದುಕ್ಬೇಕು ಅನ್ನಿಸ್ತಿತ್ತು ಕಣವ್ವ. ಬಾಯ್ಬಿಟ್ಟು ಹೇಳಕ್ಕೆ ನಾಚ್ಕೆ ಆಗೋದು."

ನಾನು ಎದ್ದು ಒಲೆ ಹಚ್ಚಿದೆ. ಫ್ರಿಜ್ಜಿನಲ್ಲಿ ಮಗಳಿಗೆಂದು ತಂದಿಟ್ಟ ಎದೆಯ ಮಾಂಸವಿತ್ತು. ಕಣ್ಣು ಮಂಜಾಗಿ ಹೆಚ್ಚುವುದು ಸರಿಯಾಗಲಿಲ್ಲ, ಎಳೆಗಳು ದಪ್ಪ ತೆಳ್ಳಗಾದವು. ಹಬ್ಬದ ಮನೆಯಲ್ಲಿ ಎಳ್ಳೆಣ್ಣೆಯ ವಾಸನೆ ಹಬ್ಬಿತು. ನಡುಮನೆಯಿಂದ ನಾದಿನಿ, "ಇದೇನ್ ಅತ್ತಿಗೆ ಇವತ್ತು?" ಎಂದು ಕೂಗಿದಳು. ಎರಡು ತಟ್ಟೆಗೆ ಹಾಕಿಕೊಂಡು ಬಂದು ಅತ್ತೆಯ ಪಕ್ಕ ಕೂತೆ.

ಅತ್ತೆ ನಾಲ್ಕು ತುತ್ತು ತಿಂದರು. ಐದನೆಯದಕ್ಕೆ ಬೆರಳು ನಿಂತಿತು. ನನ್ನ ಚಾಕು ತಪ್ಪಿ ಉಳಿದಿದ್ದ ಒಂದು ದಪ್ಪ ತುಂಡು ಕೈಗೆ ಸಿಕ್ಕಿತ್ತು. ಅದನ್ನು ಎಳೆಗಳಿಂದ ಬಿಡಿಸಿ ಮೇಲೆತ್ತಿದರು. ಕೈ ತಾನಾಗಿ ನನ್ನ ತಟ್ಟೆಯ ಕಡೆಗೆ ಬಂತು.

ನಾನು ತಟ್ಟೆಗೆ ಅಂಗೈ ಅಡ್ಡ ಹಿಡಿದೆ.

ಅತ್ತೆ ನನ್ನ ಅಂಗೈಯನ್ನು ನೋಡಿದರು, ನನ್ನ ಮುಖ ನೋಡಿದರು. ಹಿಡಿದ ತುಂಡಿನೊಂದಿಗೆ ಕೈ ಸ್ವಲ್ಪ ಹೊತ್ತು ನಮ್ಮಿಬ್ಬರ ನಡುವೆ ನಿಂತಿತ್ತು. ಆಮೇಲೆ ಅದನ್ನು ತಮ್ಮ ಬಾಯಿಗಿಟ್ಟುಕೊಂಡು, ಮೆಲ್ಲಗೆ ಅಗಿಯತೊಡಗಿದರು.